ಬಿತ್ತಿ 22 ದಿನವಾದರೂ ಮೇಲೆ ಬಾರದ ಆಲೂಗಡ್ಡೆ

ಬಿತ್ತಿ 22 ದಿನವಾದರೂ ಆಲೂಗಡ್ಡೆ ಮೇಲೆ ಬಂದಿಲ್ಲ, ಏನು ಮಾಡಲಿ ಎಂದು ಕೇಳಿದ್ದೀರಿ. ಸೆಪ್ಟೆಂಬರ್ ಕೊನೆಗೆ ಕಿತ್ತ ಗಡ್ಡೆಯನ್ನೇ ನವೆಂಬರ್ ಮೊದಲ ವಾರ ತಾಳವಾಡಿಯ ಹೊಲಕ್ಕೆ ಹಾಕಿದ್ದೀರಿ. ಮೊಳಕೆ ಬಾರದ್ದಕ್ಕೆ ಬಹುತೇಕ ಕಾರಣ ಗಡ್ಡೆ ಇನ್ನೂ ನಿದ್ದೆಯಲ್ಲಿರುವುದು. ಕಿತ್ತ ಮೇಲೆ ಸುಮಾರು 8ರಿಂದ 10 ವಾರ ಕಣ್ಣು (ಗಡ್ಡೆಯಲ್ಲಿ ಮೊಳಕೆ ಬರುವ ಕುಳಿ) ಒಡೆಯುವುದಿಲ್ಲ. ನೀರು, ಗೊಬ್ಬರ ಎಷ್ಟು ಕೊಟ್ಟರೂ ಅಷ್ಟೇ.

ಆದರೆ ಕೊಳೆತಿರಲೂಬಹುದು. ಮೊದಲು ನಾಲ್ಕೈದು ಕಡೆ ಕೈಯಿಂದಲೇ ಮಣ್ಣು ಸರಿಸಿ ನೋಡಿ. ಬಿತ್ತಿದ ಗಡ್ಡೆ ಗಟ್ಟಿಯಾಗಿದ್ದು, ಕಣ್ಣಿನಲ್ಲಿ ಅಕ್ಕಿಕಾಳಿನಷ್ಟು ಬಿಳಿ ಮೊಗ್ಗು ಕಂಡರೆ ಮುಟ್ಟಬೇಡಿ, ಮೇಲೆ ಬರುತ್ತದೆ. ಅಲ್ಲಿಯವರೆಗೆ ನೀರು ಕಡಿಮೆ ಮಾಡಿ. ಮಣ್ಣು ಹಿಡಿದರೆ ಉಂಡೆಯಾಗಿ, ಬಿಟ್ಟರೆ ಪುಡಿಯಾಗುವಷ್ಟು ತೇವ ಸಾಕು. ಹೆಚ್ಚಿನವರು ಇಲ್ಲೇ ಗಾಬರಿಯಾಗಿ ನೀರು ಬಿಟ್ಟು ಬೀಜ ಕೊಳೆಸುತ್ತಾರೆ.

ಒತ್ತಿದರೆ ಲೋಳೆ ಬಂದು ವಾಸನೆ ಹೊಡೆದರೆ ಆ ಸಾಲು ಮುಗಿಯಿತು. ಮರುಬಿತ್ತನೆಗೆ ಶೀತಲಗೃಹದಿಂದ ತಂದ, ಆಗಲೇ ಮೊಳಕೆ ಒಡೆದ ಬೀಜವನ್ನೇ ಹುಡುಕಿ. 40-50 ಗ್ರಾಂ ತೂಕದ, ಎರಡು ಮೂರು ಕಣ್ಣಿರುವ ಹೋಳು ಮಾಡಿ. ಲೀಟರಿಗೆ 3 ಗ್ರಾಂ ಮ್ಯಾಂಕೋಜೆಬ್ (ಶಿಲೀಂಧ್ರನಾಶಕ) ಹಾಕಿದ ನೀರಿನಲ್ಲಿ ಹತ್ತು ನಿಮಿಷ ಅದ್ದಿ, ನೆರಳಿನಲ್ಲಿ ಗೋಣಿಚೀಲದ ಮೇಲೆ ಒಂದೆರಡು ದಿನ ಹರವಿ. ಕೊಯ್ದ ಮುಖ ಒಣಗಿ ತೊಗಟೆಯಂತಾದ ಮೇಲೆಯೇ ನೆಡಿ. ಸಾಲಿನಿಂದ ಸಾಲಿಗೆ 45 ಸೆಂ.ಮೀ., ಗಿಡದಿಂದ ಗಿಡಕ್ಕೆ 20, ಆಳ 5ರಿಂದ 7.

ಮರುಬಿತ್ತನೆ ಡಿಸೆಂಬರ್ ಹತ್ತರೊಳಗೆ ಆಗದಿದ್ದರೆ ಈ ಸಲ ಬಿಟ್ಟುಬಿಡಿ. ಕುಫ್ರಿ ಜ್ಯೋತಿ ತಳಿಗೆ 90-100 ದಿನ ಬೇಕು, ತಡವಾದರೆ ಬೆಳೆ ಬೇಸಿಗೆಗೆ ಸಿಗುತ್ತದೆ. ರಾತ್ರಿ ಸೆಕೆ 20 ಡಿಗ್ರಿ ದಾಟಿತೆಂದರೆ ಸೊಪ್ಪು ಬೆಳೆಯುತ್ತದೆ, ಗಡ್ಡೆ ಕೂರುವುದಿಲ್ಲ.