ಕತ್ತಿಗೆ ಪ್ಲೇಟು ಹಾಕಿದ ಮೇಲೆ ಮಾಲೀಶು ಮಾಡಿಸಬಹುದಾ?

ಪ್ರಶ್ನೆ: ಮೇಡಂ, ನಮ್ಮ ಯಜಮಾನರಿಗೆ 52 ವರ್ಷ. ಮುಂಬೈಯ ದಾದರಿನ ಹೋಟೆಲೊಂದರಲ್ಲಿ ಕ್ಯಾಶಿಯರ್. ನಾಲ್ಕು ತಿಂಗಳ ಹಿಂದೆ ಕತ್ತಿನ ಆಪರೇಷನ್ ಆಯಿತು. ಸಿ5-ಸಿ6 ಫ್ಯೂಷನ್, ಅಂದರೆ ಕತ್ತಿನ ಐದನೇ, ಆರನೇ ಮೂಳೆಗಳನ್ನು ಒಂದಾಗಿ ಕೂಡಿಸುವುದಂತೆ. ಮುಂದಿನಿಂದ ಕೊಯ್ದು ಪ್ಲೇಟು, ಸ್ಕ್ರೂ ಹಾಕಿದ್ದಾರೆ. ಕೈನೋವು ಹೋಗಿದೆ. ಆದರೆ ಸಂಜೆಯಾದರೆ ಕತ್ತು, ಭುಜ ಹಿಡಿದುಕೊಳ್ಳುತ್ತದೆ. ಸ್ಟೇಷನ್ ಹತ್ತಿರದ ಸಲೂನಿನಲ್ಲಿ ಮಾಲೀಶು ಮಾಡಿಸಿಕೊಳ್ಳುತ್ತೇನೆ ಅಂತ ಹಟ ಹಿಡಿದಿದ್ದಾರೆ. ಅತ್ತೆ ಕುಂದಾಪುರದಿಂದ ಎಣ್ಣೆ ಕಳಿಸಿದ್ದಾರೆ. ಮನೆಯಲ್ಲೇ ತಿಕ್ಕಲಾ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಸಲೂನು ಬೇಡವೇ ಬೇಡ. ಇವತ್ತೇ ಅವರಿಗೆ ಹೇಳಿ. ಮನೆಯಲ್ಲಿ ನೀವು ಎಣ್ಣೆ ಹಚ್ಚಬಹುದು, ಆದರೆ ಸರ್ಜನ್ ಹತ್ತಿರ ಒಂದು ಮಾತು ಕೇಳಿದ ಮೇಲೆ.

ಯಾಕೆ ಅಂತ ಹೇಳುತ್ತೇನೆ. ಪ್ಲೇಟು, ಸ್ಕ್ರೂ ಮೂಳೆಯನ್ನು ಕೂಡಿಸುವುದಿಲ್ಲ. ಮೂಳೆ ತಾನಾಗಿ ಕೂಡಿಕೊಳ್ಳುವವರೆಗೆ ಅಲುಗಾಡದಂತೆ ಹಿಡಿದುಕೊಂಡಿರುತ್ತವೆ, ಅಷ್ಟೇ. ಕೂಡಿಕೊಳ್ಳಲು ಸಾಮಾನ್ಯವಾಗಿ ಮೂರು ತಿಂಗಳಿಂದ ಒಂದು ವರ್ಷ ಬೇಕು. ಸಿಗರೇಟು ಸೇದುವವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ ಇನ್ನೂ ನಿಧಾನ. ನಾಲ್ಕು ತಿಂಗಳು ಅಂದರೆ ಅವರಿನ್ನೂ ದಾರಿಯ ಮಧ್ಯದಲ್ಲಿದ್ದಾರೆ. ಮೇಲಿನ ಗಾಯ ಮಾಯಿದ್ದನ್ನು ನೋಡಿ ಒಳಗೂ ಮಾಯಿತು ಅಂದುಕೊಳ್ಳಬೇಡಿ. ಅದನ್ನು ಎಕ್ಸ್‌ರೇ ನೋಡಿಯೇ ಹೇಳಬೇಕು.

ಸಲೂನಿನಲ್ಲಿ ಏನಾಗುತ್ತದೆ ಗೊತ್ತಲ್ಲ? ತಲೆಗೆ ಚಂಪಿ ಮಾಡುತ್ತಾರೆ. ಕಣ್ಣು ಮುಚ್ಚಿ ಹಾಯಾಗಿ ಕೂತಿರುತ್ತೀರಿ. ಕೊನೆಯಲ್ಲಿ ಒಂದು ಕೈ ಗದ್ದಕ್ಕೆ, ಇನ್ನೊಂದು ಕೈ ತಲೆಯ ಹಿಂದೆ. ಟಕ್ ಅಂತ ತಿರುಗಿಸಿ ನೆಟಿಕೆ ತೆಗೆಯುತ್ತಾರೆ. ಕೂಡಿಸಿದ ಜಾಗ ತಿರುಗುವುದಿಲ್ಲ. ಆಗ ಆ ಪೆಟ್ಟೆಲ್ಲ ಅದರ ಮೇಲಿನ, ಕೆಳಗಿನ ಡಿಸ್ಕಿಗೆ, ಅಂದರೆ ಮೂಳೆಗಳ ನಡುವಿನ ಮೆತ್ತೆಗೆ ಬೀಳುತ್ತದೆ. ಅವು ಮೊದಲೇ ಜಾಸ್ತಿ ಭಾರ ಹೊತ್ತಿರುತ್ತವೆ. ಇನ್ನೊಂದು ಅಪಾಯ ಆಪರೇಷನ್ ಆಗದವರಿಗೂ ಇದ್ದೇ ಇದೆ. ಮೆದುಳಿಗೆ ರಕ್ತ ಒಯ್ಯುವ ಎರಡು ನಾಳಗಳು ಕತ್ತಿನ ಮೂಳೆಗಳ ಪಕ್ಕದ ತೂತುಗಳ ಒಳಗಿಂದಲೇ ಹಾದುಹೋಗುತ್ತವೆ. ಹೀಗೆ ತಿರುಚಿದಾಗ ನಾಳದ ಒಳಪದರ ಹರಿದು ಪಾರ್ಶ್ವವಾಯು ಆದವರಿದ್ದಾರೆ.

ಮಾಟುಂಗದಲ್ಲಿ ಫಿಸಿಯೋಥೆರಪಿಸ್ಟ್ ಆಗಿ ನನಗೆ 22 ವರ್ಷ ಆಯಿತು. ಇಂಥದ್ದೇ ಆಪರೇಷನ್ ಆದ ಒಬ್ಬರು ಚೆನ್ನಾಗಿ ಸುಧಾರಿಸಿದ್ದರು. ಏಳನೇ ತಿಂಗಳಲ್ಲಿ ಕ್ಷೌರಕ್ಕೆ ಕೂತಾಗ, ಬೇಡ ಅನ್ನುವುದರೊಳಗೆ ಕತ್ತು ತಿರುಗಿಸಿಬಿಟ್ಟರಂತೆ. ಮರುದಿನ ಎಡಗೈ ಜೋಮು ಹಿಡಿದು ನನ್ನ ಮುಂದೆ ಬಂದು ಕೂತರು. ಎಂಆರ್‌ಐ ಮಾಡಿಸಿದರೆ ಮೇಲಿನ ಡಿಸ್ಕು ಉಬ್ಬಿತ್ತು. ಆ ಮುಖ ಇವತ್ತಿಗೂ ಕಣ್ಣ ಮುಂದಿದೆ. ಆವತ್ತಿನಿಂದ ಎಲ್ಲರಿಗೂ ಹೇಳುತ್ತೇನೆ, ಕ್ಷೌರದ ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿಬಿಡಿ: ‘ಆಪರೇಷನ್ ಹುವಾ ಹೈ, ಗರ್ದನ್ ಮತ್ ಘುಮಾನಾ’ (ಆಪರೇಷನ್ ಆಗಿದೆ, ಕತ್ತು ತಿರುಗಿಸಬೇಡಿ).

ಇನ್ನು ನಿಮ್ಮ ಎಣ್ಣೆಯ ವಿಷಯ. ಸರ್ಜನ್ ಹೂಂ ಅಂದರೆ ಹೀಗೆ ಮಾಡಿ. ಅವರನ್ನು ಮೇಜಿನ ಮುಂದೆ ಕೂರಿಸಿ. ಮೇಜಿನ ಮೇಲೆ ಎರಡು ದಿಂಬು ಇಟ್ಟು, ಅದರ ಮೇಲೆ ಕೈ ಮಡಚಿ, ಹಣೆ ಊರಲಿ. ಕತ್ತು ನೆಟ್ಟಗಿರಬೇಕು. ಬೋರಲು ಮಲಗಿಸಬೇಡಿ. ಹಾಗೆ ಮಲಗಿದರೆ ಉಸಿರಾಡಲು ಕತ್ತನ್ನು ಒಂದು ಕಡೆ ತಿರುಗಿಸಲೇಬೇಕು, ಅಲ್ವಾ? ಎಣ್ಣೆ ಉಗುರುಬೆಚ್ಚಗಿರಲಿ, ಬಿಸಿ ನಿಮ್ಮ ಮಣಿಕಟ್ಟಿನ ಮೇಲೆ ನೋಡಿಕೊಳ್ಳಿ. ಅವರಿಗೆ ಎಲ್ಲಾದರೂ ಜೋಮು ಉಳಿದಿದ್ದರೆ ಸುಟ್ಟರೂ ಗೊತ್ತಾಗುವುದಿಲ್ಲ. ಅಂಗೈಯಿಂದ ಕತ್ತಿನ ಬುಡದಿಂದ ಭುಜದ ತುದಿಯ ಕಡೆಗೆ ಸವರಿ. ಆಮೇಲೆ ಬೆನ್ನಿನ ರೆಕ್ಕೆಮೂಳೆಯ ಸುತ್ತ. ಮಗುವಿಗೆ ಎಣ್ಣೆ ಹಚ್ಚುವಾಗ ಕೈ ಎಷ್ಟು ಹಗುರ ಇರುತ್ತದೋ ಅಷ್ಟೇ ಇರಲಿ. ಹತ್ತು ನಿಮಿಷ ಸಾಕು. ಬೆನ್ನುಮೂಳೆಯ ನಡುಗೆರೆ ಒತ್ತಬೇಡಿ. ಗಂಟಲಿನ ಕಡೆ ಕೈ ಹಾಕಲೇಬೇಡಿ.

ಆದರೆ ಬರೀ ಎಣ್ಣೆಯಿಂದ ಆ ನೋವು ಹೋಗುವುದಿಲ್ಲ. ಗಲ್ಲಾ ಪೆಟ್ಟಿಗೆ ತಗ್ಗಿನಲ್ಲಿದ್ದರೆ ದಿನವಿಡೀ ತಲೆ ಬಗ್ಗಿಸಿಯೇ ಕೂತಿರುತ್ತಾರೆ. ಮಾಲೀಕರಿಗೆ ಹೇಳಿ ಎತ್ತರಿಸಿಕೊಳ್ಳಲಿ. ಲೋಕಲ್ ರೈಲಿನಲ್ಲಿ ಮೇಲಿನ ಹಿಡಿಗೆ ಜೋತು ಬಿದ್ದು ನಿಂತರೂ ಅದೇ ಭುಜ ಎಳೆಯುತ್ತದೆ. ಗದ್ದಲ ಕಡಿಮೆ ಇರುವ ಗಾಡಿ ಹಿಡಿಯಲಿ, ಬೆನ್ನು ಒರಗಿಸಿ ನಿಲ್ಲಲಿ. ಹತ್ತಿರದ ಫಿಸಿಯೋ ಒಬ್ಬರಿಂದ ಭುಜದ ವ್ಯಾಯಾಮ ಕಲಿಯಲಿ.

ಒಂದು ಗಮನಿಸಿ. ನೋಟು ಎಣಿಸುವಾಗ ಬೆರಳು ತಡವರಿಸಿದರೆ, ಅಂಗಿಯ ಗುಂಡಿ ಹಾಕಲು ಕಷ್ಟವಾದರೆ, ನಡೆಯುವಾಗ ವಾಲಿದರೆ, ಕತ್ತು ಬಗ್ಗಿಸಿದಾಗ ಬೆನ್ನಿನಲ್ಲಿ ಕರೆಂಟು ಹೊಡೆದಂತಾದರೆ, ಮೂತ್ರ ತಡೆಯಲಾಗದಿದ್ದರೆ, ಎಣ್ಣೆ ಗಿಣ್ಣೆ ಎಲ್ಲ ಬಿಟ್ಟು ಅವತ್ತೇ ಸರ್ಜನ್ ಬಳಿ ಹೋಗಿ.

ಪ್ರಶ್ನೆ: ಕತ್ತಿನ ಫ್ಯೂಷನ್ ಆಗಿ ಎರಡು ವರ್ಷ. ಮಗ ಮಸಾಜ್ ಗನ್ (ಪಟಪಟ ಬಡಿದು ಮಾಲೀಶು ಮಾಡುವ ಕೈಯಂತ್ರ) ತಂದುಕೊಟ್ಟಿದ್ದಾನೆ. ಬಳಸಲಾ?
– ಓದುಗರೊಬ್ಬರು, ಪುಣೆ

ಉತ್ತರ: ಕತ್ತಿಗೆ ಬೇಡ. ಎರಡು ವರ್ಷವಾದರೂ ಬೇಡ. ತೊಡೆಗೆ, ಮೀನಖಂಡಕ್ಕೆ ಬಳಸಿ. ಆದರೆ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಅಥವಾ ಒಂದೇ ಕಾಲು ಬಾತು ನೋಯುತ್ತಿದ್ದರೆ ಅಲ್ಲಿಗೂ ಬೇಡ, ಮೊದಲು ಡಾಕ್ಟರಿಗೆ ತೋರಿಸಿ.