1792ರ ಸಾಲು ಎಲ್ಲಿ ಹೋಯಿತು?

ನಮಸ್ಕಾರ.

‘ಅಂಡಮಾನಿನ ಮೊದಲ ಕೈದಿ ನೆಲೆ: ಪ್ರಕೃತಿ ಗೆದ್ದ ಕಥೆ’ ಎಂಬ ನಿಮ್ಮ ಲೇಖನ ತಲುಪಿತು. ವಿಷಯ ಅಪರೂಪದ್ದು, ಭಾಷೆ ಹದವಾಗಿದೆ, ಅಚ್ಚುಕಟ್ಟಾಗಿ ಟೈಪ್ ಮಾಡಿದ್ದೀರಿ. ಆದರೂ ಹೀಗೇ ಪ್ರಕಟಿಸಲಾರೆ. ನಿಮ್ಮ ಎರಡು ವಾಕ್ಯಗಳು ನನ್ನನ್ನು ಕೆರಳಿಸಿವೆ. ಮುಖ್ಯವಾಗಿ ಅವೆರಡರ ಬಗ್ಗೆ ಬರೆಯುತ್ತೇನೆ.

ಮೊದಲನೆಯದು: ‘1789ರಲ್ಲಿ ಕೈದಿಗಳನ್ನು ತುಂಬಿದ ಹಡಗು ಪೋರ್ಟ್ ಕಾರ್ನ್‌ವಾಲಿಸ್ ತಲುಪಿತು, ಏಳು ವರ್ಷಗಳ ಬಳಿಕ ಬದುಕುಳಿದವರು ಅದೇ ದಡದಿಂದ ಹೊರಟರು.’

1789ರಲ್ಲಿ ಲೆಫ್ಟಿನೆಂಟ್ ಆರ್ಚಿಬಾಲ್ಡ್ ಬ್ಲೇರ್ ಹೋದದ್ದು ಬಂದರು ಕಟ್ಟಲು. ಈಸ್ಟ್ ಇಂಡಿಯಾ ಕಂಪನಿಗೆ ಬೇಕಿದ್ದದ್ದು ಹಡಗುಗಳಿಗೆ ಆಸರೆ, ಕಡಲ್ಗಳ್ಳರ ಮೇಲೆ ಹಿಡಿತ. ಬಂಗಾಳದ ಕೈದಿಗಳು ಬರತೊಡಗಿದ್ದು 1793ರಲ್ಲಿ. ಇನ್ನು ‘ಅದೇ ದಡ’ ಎಂಬುದಂತೂ ಪೂರ್ತಿ ತಪ್ಪು. ಬ್ಲೇರ್ ನೆಲೆ ಹೂಡಿದ್ದು ದಕ್ಷಿಣ ಅಂಡಮಾನಿನ ಚಾಥಮ್ ದ್ವೀಪದಲ್ಲಿ, ಅಂದರೆ ನಾವು ಪೋರ್ಟ್ ಬ್ಲೇರ್ ಎಂದು ಬಲ್ಲ (2024ರಿಂದ ಶ್ರೀ ವಿಜಯಪುರಂ) ಬಂದರಿನೊಳಗೆ. ಆಗ ಅದರ ಹೆಸರು ಪೋರ್ಟ್ ಕಾರ್ನ್‌ವಾಲಿಸ್. 1792ರಲ್ಲಿ ನೆಲೆಯನ್ನು ಸುಮಾರು 180 ಕಿ.ಮೀ. ಉತ್ತರಕ್ಕೆ, ಉತ್ತರ ಅಂಡಮಾನಿನ ಈಶಾನ್ಯ ತೀರಕ್ಕೆ ಸಾಗಿಸುವ ನಿರ್ಧಾರವಾಯಿತು. ಹೆಸರೂ ಜೊತೆಯಲ್ಲೇ ಹೋಯಿತು. ಬಿಟ್ಟುಬಂದ ಜಾಗ ‘ಹಳೆಯ ಬಂದರು’ ಆಯಿತು.

ಸಾಗಿಸಿದ್ದು ಏಕೆ? ಹಳೆಯ ಜಾಗದಲ್ಲಿ ಕೆಲಸ ಚೆನ್ನಾಗಿಯೇ ನಡೆದಿತ್ತು. ಆದರೆ ಯುದ್ಧನೌಕೆಗಳಿಗೆ ಈಶಾನ್ಯದ ವಿಶಾಲ ಬಂದರೇ ಮೇಲು ಎಂಬುದು ಕಮೊಡೋರ್ ವಿಲಿಯಂ ಕಾರ್ನ್‌ವಾಲಿಸನ ಅಭಿಪ್ರಾಯ. (ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಗವರ್ನರ್ ಜನರಲ್ ಚಾರ್ಲ್ಸ್ ಇವನ ಅಣ್ಣ. ನೀವು ಅಣ್ಣತಮ್ಮಂದಿರನ್ನು ಒಬ್ಬನೇ ಮಾಡಿಬಿಟ್ಟಿದ್ದೀರಿ.)

ನಾನು ಕರಡು ತಿದ್ದಲು ಕಲಿಯುತ್ತಿದ್ದಾಗ ಹಿರಿಯ ಸಂಪಾದಕರೊಬ್ಬರು ಚರಿತ್ರೆಯ ಲೇಖನ ಬಂದರೆ ಮೊದಲು ಮೂರು ಕಾಲಮ್ಮಿನ ಪಟ್ಟಿ ಮಾಡಿಸುತ್ತಿದ್ದರು: ವರ್ಷ, ಸ್ಥಳ, ಆಜ್ಞೆ ಕೊಟ್ಟವರು ಯಾರು. ಪಟ್ಟಿ ತುಂಬದ ಲೇಖನವನ್ನು ಅವರು ಓದುತ್ತಲೇ ಇರಲಿಲ್ಲ. ನಿಮ್ಮದಕ್ಕೂ ಹಾಕಿ ನೋಡಿದೆ. 1792ರ ಸಾಲು ಇಡಿಯಾಗಿ ಖಾಲಿ.

ಎರಡನೆಯ ವಾಕ್ಯ: ‘ಮಲೇರಿಯಾ ಸೊಳ್ಳೆಗಳಿಗೆ ಹೆದರಿದ ಮೇಜರ್ ಕಿಡ್, ಪ್ರಕೃತಿಯೆದುರು ಸೋಲೊಪ್ಪಿಕೊಂಡ.’

ಸೊಳ್ಳೆಗೂ ಮಲೇರಿಯಾಕ್ಕೂ ಇರುವ ನಂಟನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡುಕೊಂಡದ್ದು 1897ರಲ್ಲಿ. ಅದಕ್ಕೆ ಶತಮಾನ ಮೊದಲೇ, ಉತ್ತರದ ಹೊಸ ನೆಲೆಯ ಮುಖ್ಯಸ್ಥನಾಗಿದ್ದ ಕಿಡ್ ಹೇಗೆ ಹೆದರಿದ? ಆ ಕಾಲದವರ ಪ್ರಕಾರ ಜ್ವರಕ್ಕೆ ಕಾರಣ ಜೌಗಿನ ಕೆಟ್ಟ ಗಾಳಿ. ಸೊಳ್ಳೆಯ ಮಾತು ಬೇಕಿದ್ದರೆ ನಿಮ್ಮ ದನಿಯಲ್ಲಿ ಹೇಳಿ, ಬಿಡಿಸಿ ಹೇಳಿ. ಅಂಡಮಾನಿನ ಮುಖ್ಯ ಮಲೇರಿಯಾ ಸೊಳ್ಳೆ ಅನಾಫಿಲಿಸ್ ಸಂಡೈಕಸ್ ಮೊಟ್ಟೆಯಿಡುವುದು ಬಿಸಿಲು ಬೀಳುವ ಸವುಳು ನೀರಿನಲ್ಲಿ. ದಡದ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಕಡಿದರೆ ನೆರಳು ಹೋಗುತ್ತದೆ, ಉಬ್ಬರದ ನೀರು ಗುಂಡಿಗಳಲ್ಲಿ ನಿಲ್ಲುತ್ತದೆ. ಹೊಸ ಜಾಗವೆಂದರೆ ಕಾಡು ಕಡಿಯುವುದನ್ನು ಮೊದಲಿನಿಂದ ಆರಂಭಿಸಬೇಕು. ಕಡಿಯುವ ಕೈಗಳು ಕೈದಿಗಳವು. ಮೇಲೆ ಮಳೆ. 1795ರಲ್ಲಿ ಬರ್ಮಾದ ಆವಾಕ್ಕೆ ರಾಯಭಾರಿಯಾಗಿ ಹೊರಟಿದ್ದ ಮೈಕೆಲ್ ಸೈಮ್ಸ್ ದಾರಿಯಲ್ಲಿ ಈ ಹೊಸ ನೆಲೆಯಲ್ಲಿ ಇಳಿದಾಗ ಜನಸಂಖ್ಯೆ ಸುಮಾರು 700. 7 ತಿಂಗಳಲ್ಲಿ 98 ಅಂಗುಲ ಮಳೆ ಬಿದ್ದ ಲೆಕ್ಕವನ್ನೂ ಆತ ಕೊಟ್ಟಿದ್ದಾನೆ. ನೀವು ‘ಧಾರಾಕಾರ’ ಎಂದು ಬರೆದಲ್ಲಿ ಈ ಅಂಕಿ ಇಡಿ.

ಜ್ವರವೊಂದೇ ಕಾರಣವಲ್ಲ. 1793ರಿಂದ ಫ್ರಾನ್ಸಿನೊಂದಿಗೆ ಯುದ್ಧ. ಸಾಮಾನು ಸರಂಜಾಮು ಬಂಗಾಳದಿಂದ ಸಮುದ್ರ ದಾಟಿ ಬರಬೇಕು. 1796ರಲ್ಲಿ ನೆಲೆ ಮುಚ್ಚುವಾಗ ಸರ್ಕಾರ ಕಾಯಿಲೆ ಮತ್ತು ಸಾವಿನ ಜೊತೆಗೆ ಖರ್ಚನ್ನೂ, ಯುದ್ಧಕಾಲದಲ್ಲಿ ಸಾಮಗ್ರಿ ಮುಟ್ಟಿಸುವ ಕಷ್ಟವನ್ನೂ ಮುಂದಿಟ್ಟಿತ್ತು. ಸುಮಾರು 270 ಕೈದಿಗಳನ್ನು ಪೆನಾಂಗ್‌ಗೆ ಕಳುಹಿಸಿದರು, ಉಳಿದವರು ಬಂಗಾಳಕ್ಕೆ ಮರಳಿದರು. ಇಷ್ಟರಲ್ಲಿ ‘ಪ್ರಕೃತಿ’ಯ ಪಾಲು ಎಷ್ಟು, ನೌಕಾಪಡೆಯ ಆಯ್ಕೆಯ ಪಾಲು ಎಷ್ಟು? ಲೇಖನ ನಿಲ್ಲಬೇಕಾದದ್ದು ಈ ಪ್ರಶ್ನೆಯ ಮೇಲೆ.

ಕೊನೆಯ ಪ್ಯಾರಾದ ಸೆಲ್ಯುಲರ್ ಜೈಲನ್ನು ತೆಗೆದುಹಾಕಿ. ಅದರ ಕಟ್ಟಡ ಶುರುವಾದದ್ದೇ 1896ರಲ್ಲಿ. ಆ ಜಾಗಕ್ಕೆ, ನೀವು ಅಡಿಟಿಪ್ಪಣಿಗೆ ತಳ್ಳಿರುವ ಸಂಗತಿಯನ್ನು ತನ್ನಿ: 1857ರ ದಂಗೆಯ ನಂತರ ಜಾಗ ಹುಡುಕಲು ಹೋದ ಮೌಆಟ್ ಸಮಿತಿ ಆರಿಸಿದ್ದು ಈಶಾನ್ಯದ ಬಂದರನ್ನಲ್ಲ, ಬ್ಲೇರ್‌ನ ಹಳೆಯ ಬಂದರನ್ನು. 1858ರ ಮಾರ್ಚ್ 10ರಂದು ಎರಡನೆಯ ಕೈದಿ ನೆಲೆಯ ಮುಖ್ಯಸ್ಥ ಡಾ. ವಾಕರ್ 200 ಕೈದಿಗಳೊಂದಿಗೆ ಇಳಿದದ್ದೂ ಅಲ್ಲೇ. ಮೊದಲ ನೆಲೆ ಸೋತದ್ದರಲ್ಲಿ ಜಾಗದ ಆಯ್ಕೆಯ ಪಾಲೂ ಇತ್ತು ಎನ್ನಲು ನಿಮ್ಮ ಬಳಿ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಇಲ್ಲ. ಶೀರ್ಷಿಕೆ ಬದಲಿಸಿ, ತಿದ್ದಿ ಕಳುಹಿಸಿ, ಓದುತ್ತೇನೆ.