ಸಂಪಾದಕರ ಉತ್ತರ: ಮೊದಲು ಅಂಕದ ಪುಟ ನೋಡಿ

ಆತ್ಮೀಯ ಓದುಗರೇ,

ನಾಲ್ಕು ಜನರ ನಿಮ್ಮ ಡಿಸೈನ್ ಏಜೆನ್ಸಿ ಸರ್ಕಾರಿ ಟೆಂಡರ್‌ಗಳಿಗೆ ಬಿಡ್ ಹಾಕಿ ಹಾಕಿ ಸೋತಿದೆ, ಒಂದು ಕಡೆ ವಹಿವಾಟು ಸಾಲದು ಅಂದರು, ಇನ್ನೊಂದು ಕಡೆ ಇಡೀ ಪ್ರಚಾರದ ವಿನ್ಯಾಸವನ್ನೇ ಬಿಡ್ ಜೊತೆ ಪುಕ್ಕಟೆ ಕೇಳಿದರು ಎಂದು ಬರೆದಿದ್ದೀರಿ. ಸಣ್ಣವರು ಇದಕ್ಕೆ ಕೈ ಹಾಕಲೇಬಾರದಾ ಎಂದೂ ಕೇಳಿದ್ದೀರಿ.

ಹಾಕಬೇಕು. ಆದರೆ ಕಂಡ ಟೆಂಡರಿಗೆಲ್ಲ ಅಲ್ಲ.

ಕಡತ ಸಿಕ್ಕ ಕೂಡಲೇ ಕೆಲಸದ ವಿವರ ಓದಿ ಐಡಿಯಾ ಮಾಡಲು ಕೂರಬೇಡಿ. ಅಂಕ ಹೇಗೆ ಹಂಚುತ್ತಾರೆ ಅನ್ನುವ ಪುಟ ತೆಗೆಯಿರಿ. ಗುಣಮಟ್ಟಕ್ಕೆ 70, ದರಕ್ಕೆ 30 ಇದೆ ಅಂದುಕೊಳ್ಳಿ. ಎಲ್ಲರಿಗಿಂತ ಕಡಿಮೆ ದರ ಹಾಕಿದವರಿಗೆ 30 ಪೂರ್ತಿ ಕೊಟ್ಟು, ಉಳಿದವರಿಗೆ ದರ ಎಷ್ಟು ಪಟ್ಟು ಹೆಚ್ಚೋ ಅಷ್ಟರಿಂದ 30ನ್ನು ಭಾಗಿಸಿ ಅಂಕ ಕೊಡುವುದು ಚಾಲ್ತಿಯಲ್ಲಿರುವ ಒಂದು ಕ್ರಮ. ನಿಮ್ಮ ದರ ಆ ಕಡಿಮೆ ದರಕ್ಕಿಂತ ಶೇ. 20 ಜಾಸ್ತಿ ಇದ್ದರೂ 25 (30 ÷ 1.2) ಸಿಗುತ್ತದೆ, ಕಳೆದುಕೊಳ್ಳುವುದು 5 ಅಂಕ ಮಾತ್ರ. ಒಳ್ಳೆಯ ಕೆಲಸದಿಂದ ಅದನ್ನು ತುಂಬಿಕೊಳ್ಳಬಹುದು. ಅದೇ ದರಕ್ಕೆ 70 ಇದ್ದರೆ ಸುಮಾರು 12 ಅಂಕ ಹೋಗುತ್ತದೆ, ಅಲ್ಲಿ ನಿಮ್ಮಂಥವರು ಗೆಲ್ಲುವುದು ತುಂಬಾ ಕಷ್ಟ. ಸುಮ್ನೆ ಬಿಟ್ಟುಬಿಡಿ.

ವಹಿವಾಟಿನ ವಿಷಯದಲ್ಲಿ ನಿಮ್ಮ ಸಿಟ್ಟು ನ್ಯಾಯವಾದದ್ದು. ಯುರೋಪಿಯನ್ ಒಕ್ಕೂಟದ 2014ರ ಖರೀದಿ ನಿಯಮದ ಪ್ರಕಾರ, ವಿಶೇಷ ಕಾರಣ ತೋರಿಸದೆ ಗುತ್ತಿಗೆಯ ಅಂದಾಜು ಮೊತ್ತದ ಎರಡು ಪಟ್ಟಿಗಿಂತ ಹೆಚ್ಚು ವಾರ್ಷಿಕ ವಹಿವಾಟು ಕೇಳುವಂತಿಲ್ಲ. ಅಂದರೆ ಇಂಥ ಷರತ್ತಿಗೆ ಮಿತಿ ಹಾಕಲು ಆಗುತ್ತದೆ. ಷರತ್ತು ಅತಿಯಾಯಿತು ಅನ್ನಿಸಿದರೆ ಬಿಡ್‌ಗೆ ಮುಂಚಿನ ಸ್ಪಷ್ಟೀಕರಣದ ಅವಧಿಯಲ್ಲೇ ಬರೆದು ಕೇಳಿ, ಸೋತ ಮೇಲೆ ಕೇಳಿದರೆ ಯಾರೂ ಷರತ್ತು ಬದಲಿಸುವುದಿಲ್ಲ. ಒಂದು ಎಚ್ಚರ: ಈ ಪ್ರಶ್ನೋತ್ತರವನ್ನು ಸಾಮಾನ್ಯವಾಗಿ ಎಲ್ಲ ಬಿಡ್‌ದಾರರಿಗೂ ಕಳಿಸುತ್ತಾರೆ, ಪ್ರಶ್ನೆಯಲ್ಲಿ ನಿಮ್ಮ ಐಡಿಯಾ ಬಿಟ್ಟುಕೊಡಬೇಡಿ.

ದೊಡ್ಡ ಸಂಸ್ಥೆಯ ಜೊತೆ ಸೇರುವುದೂ ಒಂದು ದಾರಿ. ಆದರೆ ಅವರು ಬಿಡ್‌ನಲ್ಲಿ ನಿಮ್ಮ ಹಳೆಯ ಕೆಲಸ ತೋರಿಸಿ ಅಂಕ ಗಳಿಸಿ, ಗೆದ್ದ ಮೇಲೆ ನಿಮ್ಮನ್ನೇ ಕೈಬಿಡುವ ಅಪಾಯ ಇದ್ದೇ ಇದೆ. ಯಾವ ಕೆಲಸ ನಿಮ್ಮದು, ಹಣ ಯಾವಾಗ ಅನ್ನುವುದು ಮೊದಲೇ ಬರಹದಲ್ಲಿರಲಿ.

ಇನ್ನು ಪುಕ್ಕಟೆ ವಿನ್ಯಾಸ. ಇದನ್ನು ನಾನು ಒಪ್ಪುವುದೇ ಇಲ್ಲ. ಕಟ್ಟಡದ ಗುತ್ತಿಗೆದಾರರನ್ನು ಮೊದಲು ಒಂದು ಮಹಡಿ ಕಟ್ಟಿ ತೋರಿಸಿ ಅನ್ನುತ್ತಾರಾ? ಹಳೆಯ ಕೆಲಸ, ಯೋಚಿಸುವ ಕ್ರಮ, ಯಾರು ಕೂತು ಮಾಡುತ್ತಾರೆ ಅನ್ನುವುದನ್ನು ನೋಡಿಯೇ ಒಳ್ಳೆಯವರನ್ನು ಆರಿಸಬಹುದು. ಹೊಸ ವಿನ್ಯಾಸ ಕಡ್ಡಾಯ, ಹಣ ಇಲ್ಲ, ಸೋತವರ ಐಡಿಯಾ ಕೂಡ ಇಲಾಖೆಗೇ ಸೇರುತ್ತದೆ ಎಂದಿದ್ದರೆ ಆ ಟೆಂಡರ್ ಬೇಡ.

ಹಾಕಲೋ ಬೇಡವೋ ಎಂದು ನೀವು ಈಗ ಅನುಮಾನಿಸುತ್ತಿರುವ ವಸ್ತುಪ್ರದರ್ಶನದ ಟೆಂಡರ್‌ನಲ್ಲಿ ಗುಣಮಟ್ಟದ ಪಾಲೇ ದೊಡ್ಡದು ಎಂದು ಬರೆದಿದ್ದೀರಿ, ವಹಿವಾಟಿನ ಷರತ್ತೂ ನಿಮಗೆ ಎಟುಕುತ್ತದೆ. ಅದಕ್ಕೆ ಹಾಕಿ. ಸಿಗದಿದ್ದರೆ ನಿಮಗೂ ಗೆದ್ದವರಿಗೂ ಬಂದ ಅಂಕಗಳ ವಿವರ ಕೊಡಿ ಎಂದು ಅದೇ ವಾರ ಪತ್ರ ಬರೆಯಿರಿ.

ಸಂಪಾದಕ